ದೊಡ್ಡಮನೆಯ ಮೆಟ್ಟಿಲು

ಮೇ 6, ಮಂಗಳವಾರ

ವಿಲ್ಫ್‌ನ ಎಡಗಾಲಿನ ಪಾದ ತೆಗೆಯಬೇಕಂತೆ.

ಡಾಕ್ಟರ್ ರೇವನ್‌ಹಿಲ್ ಪರದೆ ಎಳೆದು, ಸ್ಟೂಲನ್ನು ಹತ್ತಿರಕ್ಕೆ ಸರಿಸಿಕೊಂಡು ಕೂತಾಗಲೇ ನನಗೆ ಗೊತ್ತಾಯಿತು. ಒಳ್ಳೆಯ ಸುದ್ದಿಯನ್ನು ಅವರು ನಿಂತುಕೊಂಡೇ ಹೇಳಿಬಿಡುತ್ತಾರೆ. ಬೆರಳುಗಳು ಕಪ್ಪಾಗಿವೆ, ರಕ್ತ ಅಲ್ಲಿಯವರೆಗೆ ಹೋಗುತ್ತಿಲ್ಲ, ಹಾಗೇ ಬಿಟ್ಟರೆ ನಂಜು ಮೇಲಕ್ಕೇರುತ್ತದೆ ಎಂದರು. ಆಪರೇಷನ್ನು ಇನ್ನೆರಡು ವಾರದಲ್ಲಿ. ಅಲ್ಲಿಯ ತನಕ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಎಂದಿನಂತೆ.

ವಿಲ್ಫ್ ಎಲ್ಲವನ್ನೂ ಕೇಳಿ, "ಅಯ್ಯೋ, ಮೊನ್ನೆ ತಾನೇ ಹೊಸ ಬೂಟು ತಗೊಂಡೆ ಡಾಕ್ಟ್ರೇ. ಒಂದನ್ನ ವಾಪಸ್ ತಗೋತಾರಾ ಅಂಗಡಿಯವ್ರು?" ಎಂದ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲಿ ಸಹಿ ಮಾಡಬೇಕು ಹೇಳಿ ಎಂದೆ. ಸಹಿ ವಿಲ್ಫ್ ಮಾಡಬೇಕಂತೆ. ಅವನು, "ಯೋಚನೆ ಮಾಡಿ ಹೇಳ್ತೀನಿ" ಎಂದು ಕೋಟು ಹಾಕಿಕೊಂಡ.

ಯೋಚನೆ ಮಾಡಲು ಏನಿದೆ? ದಾರಿಯುದ್ದಕ್ಕೂ ನಾನೇ ಯೋಚಿಸಿದೆ. ಮಂಚ ಕೆಳಗಿಳಿಸಬೇಕು. ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಬೇಕು. ಹಿತ್ತಿಲ ಬಾಗಿಲಿನ ಮೆಟ್ಟಿಲಿಗೆ ಇಳಿಜಾರು ಹಲಗೆ ಬೇಕು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಊಟ ಬೇಯಿಸಿ ಹಾಕಿದವಳು ನಾನು. ಒಂದು ಪಾದವಿಲ್ಲದ ಗಂಡನನ್ನು ಸಂಭಾಳಿಸುವುದು ಅಷ್ಟು ದೊಡ್ಡ ಕೆಲಸವಲ್ಲ.

ಮೇ 7, ಬುಧವಾರ

ಬೆಳಿಗ್ಗೆ ಆಸ್ಪತ್ರೆಯ ಡ್ರೈವರ್ ಕಾಲಿನ್ ವ್ಯಾನು ತಂದು ವಿಲ್ಫ್‌ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮಧ್ಯಾಹ್ನ ತಂದು ಬಿಟ್ಟ. ಡಯಾಲಿಸಿಸ್ ಯಂತ್ರಕ್ಕೆ ಹಾಕಿದ ದಿನ ವಿಲ್ಫ್‌ನ ಮುಖ ಹಳೆಯ ಮೇಣದ ಬಣ್ಣಕ್ಕೆ ತಿರುಗಿರುತ್ತದೆ. ಸಂಜೆಯವರೆಗೆ ಮಾತಿಲ್ಲ. ನಾಲ್ಕು ವರ್ಷದಿಂದ ಹೀಗೇ.

ಮಗಳು ಲೋರ್ನಾ ಲೀಡ್ಸ್‌ನಿಂದ ಬಂದಿದ್ದಾಳೆ. ಎರಡು ದಿನ ರಜೆ ಹಾಕಿದ್ದಾಳಂತೆ. ಊಟಕ್ಕೆ ಕೂತಾಗ ವಿಲ್ಫ್ ಇದ್ದಕ್ಕಿದ್ದ ಹಾಗೆ, "ನಾಳೆ ದೊಡ್ಡಮನೆ ನೋಡಿಕೊಂಡು ಬರೋಣ್ವಾ?" ಎಂದ.

"ಯಾವ ದೊಡ್ಡಮನೆ?"

"ವೆನರ್ಲಿ ಕಣೇ. ಇನ್ಯಾವುದು?"

ವೆನರ್ಲಿಯ ಗೇಟಿನ ಮುಂದೆ ಅವನು ಕೆಲಸದಲ್ಲಿದ್ದಷ್ಟು ವರ್ಷವೂ ಬಸ್ಸು ನಿಲ್ಲಿಸಿದ್ದಾನೆ. ಹಳೆಯ ಜಮೀನ್ದಾರರ ಆ ಮನೆ ನೋಡಲು ಬೇಸಿಗೆಯಲ್ಲಿ ಜನ ಅಲ್ಲಿ ಇಳಿಯುತ್ತಿದ್ದರು, ಸಂಜೆ ಅದೇ ಜನ ಹತ್ತುತ್ತಿದ್ದರು. ನಾವು ಮಾತ್ರ ಒಂದು ಸಲವೂ ಒಳಗೆ ಕಾಲಿಟ್ಟಿಲ್ಲ. ಒಂದು ವಾರದ ರಜೆ ಸಿಕ್ಕರೆ ಸಮುದ್ರದ ಕಡೆಗೆ ಹೋಗುತ್ತಿದ್ದೆವು. ಮನೆಯಿಂದ ಆರು ಮೈಲಿ ದೂರದ ಜಾಗ ನೋಡುವುದಕ್ಕೆ ಯಾರು ಹೋಗುತ್ತಾರೆ?

ಆಪರೇಷನ್ ಇಟ್ಟುಕೊಂಡು ಅಲೆದಾಟ ಬೇಡ ಎಂದೆ. ಲೋರ್ನಾ ಅಪ್ಪನ ಪಕ್ಷ ವಹಿಸಿದಳು. "ಪಾಪ, ಏನೋ ಆಸೆ ಪಡ್ತಿದ್ದಾನೆ. ಗಾಲಿಕುರ್ಚೀಲಿ ಕೂರಿಸ್ಕೊಂಡು ಹೋಗೋಣ ಬಿಡಮ್ಮ" ಎಂದಳು. ಇಬ್ಬರ ಮುಂದೆ ನಾನೊಬ್ಬಳು ಏನು ಮಾಡಲಿ?

ಮೇ 8, ಗುರುವಾರ

ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೊರಟಾಗ ಬಿಸಿಲಿತ್ತು. ರಸ್ತೆಯ ಎರಡೂ ಬದಿಯ ಮುಳ್ಳುಬೇಲಿ ಬೆಳ್ಳಗೆ ಹೂ ಬಿಟ್ಟಿತ್ತು. ಗೇಟು ಬಂದಾಗ ವಿಲ್ಫ್, "ಇಲ್ಲಿ ನಿಲ್ಸು, ನಿಲ್ಸು" ಎಂದ. ಲೋರ್ನಾ ಗಾಬರಿಯಾಗಿ ಬ್ರೇಕು ಒತ್ತಿದಳು. ಅವನು ಕಿಟಕಿಯಿಂದ ಆ ಕಲ್ಲಿನ ಕಂಬಗಳನ್ನು ನೋಡಿ, "ಹೂಂ, ಹೋಗು" ಎಂದ. ಗೇಟಿನಿಂದ ಮನೆಯವರೆಗೆ ಅಷ್ಟು ದೂರ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ. ಮರಗಳ ಸಾಲು ಮುಗಿಯುವುದೇ ಇಲ್ಲ. ಕುರಿಗಳು ದಾರಿಗೆ ಅಡ್ಡ ಮಲಗಿದ್ದವು. "ಇದನ್ನೆಲ್ಲ ನಡ್ಕೊಂಡು ಹೋಗ್ತಿದ್ರಾ ಆ ಜನ? ಅದಕ್ಕೇ ಸಂಜೆ ಬಸ್ಸಲ್ಲಿ ಗೊರಕೆ ಹೊಡೀತಿದ್ರು" ಎಂದ.

ಮನೆ ಎಂದು ಕರೆಯುತ್ತಾರೆ, ಅಷ್ಟೆ. ನಮ್ಮ ಬೀದಿಯ ಮನೆಗಳನ್ನೆಲ್ಲ ಎತ್ತಿ ಒಳಗಿಟ್ಟರೂ ಇನ್ನೂ ಜಾಗ ಉಳಿಯುತ್ತಿತ್ತು. ಜೇನಿನ ಬಣ್ಣದ ಕಲ್ಲು. ಲೆಕ್ಕವಿಲ್ಲದಷ್ಟು ಕಿಟಕಿಗಳು. ಇದನ್ನೆಲ್ಲ ಒರೆಸುತ್ತಿದ್ದವರು ಯಾರು ಎಂಬ ಯೋಚನೆ ನನಗೆ ಮೊದಲು ಬಂತು.

ಕುದುರೆ ಲಾಯವನ್ನೇ ಈಗ ಟೀ ಅಂಗಡಿ ಮಾಡಿದ್ದಾರೆ. ಮೊದಲು ಅಲ್ಲಿಗೆ ಹೋದೆವು. ವಿಲ್ಫ್ ಜ್ಯಾಮು, ಕೆನೆ ಹಚ್ಚಿದ ಸ್ಕೋನು ಬನ್ನು ಹೇಳಿದ. ಒಂದು ಕೆಟಲು ತುಂಬ ಟೀ ಬಂತು. ಅವನಿಗೆ ಇಡೀ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇದೆ. ನಾನು ಅರ್ಧ ಕಪ್ಪು ಬಗ್ಗಿಸಿ ಕೆಟಲನ್ನು ನನ್ನ ಕಡೆಗೆ ಎಳೆದುಕೊಂಡೆ.

"ಇನ್ನೊಂಚೂರು ಹಾಕೇ."

"ಸಂಜೆಗೆ ಏನು ಕುಡೀತೀಯ?"

"ಸಂಜೆದು ಸಂಜೆಗೆ."

ಹಾಕಲಿಲ್ಲ. ಅವನು ಕಪ್ಪಿನ ತಳ ಕಾಣುವವರೆಗೆ ಕುಡಿದು, ಬೆರಳಿನಿಂದ ಜ್ಯಾಮು ಒರೆಸಿ ನೆಕ್ಕಿದ. ಪಕ್ಕದ ಮೇಜಿನವರು ನೋಡುತ್ತಿದ್ದರು.

ಕೆಳಗಿನ ಕೋಣೆಗಳನ್ನು ಗಾಲಿಕುರ್ಚಿಯಲ್ಲೇ ನೋಡಿದ. ಊಟದ ಮನೆ, ಪುಸ್ತಕದ ಮನೆ, ಬೇಟೆಯ ಚಿತ್ರಗಳು ತುಂಬಿದ ಉದ್ದನೆಯ ಹಜಾರ. ಯಾರೂ ಕೂರಬಾರದೆಂದು ಹಳೆಯ ಕುರ್ಚಿಗಳ ಮೇಲೆ ಒಂದೊಂದು ಪೈನ್ ಕಾಯಿ ಇಟ್ಟಿದ್ದಾರೆ. ವಿಲ್ಫ್‌ಗೆ ಅದು ಬಹಳ ಹಿಡಿಸಿತು. "ನಮ್ಮ ಸೋಫಾ ಮೇಲೂ ಒಂದಿಡು. ನಿನ್ನ ತಂಗಿ ಬಂದ್ರೆ ಏಳೋದೇ ಇಲ್ಲ" ಎಂದ.

ಅಷ್ಟು ಹೊತ್ತಿಗೆ ಲೋರ್ನಾಳಿಗೆ ಆಫೀಸಿನಿಂದ ಫೋನು ಬಂತು. ಅವಳು ತೋಟದ ಕಡೆಗೆ ಹೋದಳು. ನಾವಿಬ್ಬರು ದೊಡ್ಡ ಮೆಟ್ಟಿಲಿನ ಬುಡಕ್ಕೆ ಬಂದೆವು. ಅಗಲವಾದ ಓಕ್ ಮರದ ಮೆಟ್ಟಿಲು, ಮಧ್ಯದಲ್ಲಿ ಕೆಂಪು ರತ್ನಗಂಬಳಿ ಹಾಸಿದ್ದರು. ಗೋಡೆಯುದ್ದಕ್ಕೂ ಆ ಮನೆತನದ ಗಂಡಸರು, ಹೆಂಗಸರು ಚಿತ್ರಪಟಗಳಿಂದ ನಮ್ಮ ಕಡೆಗೇ ನೋಡುತ್ತಿದ್ದರು. ಗಾಲಿಕುರ್ಚಿಯವರಿಗೆ ಮೇಲಿನ ಕೋಣೆಗಳ ಫೋಟೋಗಳನ್ನು ಒಂದು ಮೇಜಿನ ಮೇಲೆ ಇಟ್ಟಿದ್ದರು. ನಾನು ಒಂದೊಂದಾಗಿ ತೋರಿಸತೊಡಗಿದೆ.

ಅವನು ಫೋಟೋ ನೋಡಲಿಲ್ಲ. "ಮೇಲೆ ಹೋಗ್ಬೇಕು" ಎಂದ.

"ಆ ಕಾಲಲ್ಲಾ?"

"ಕಾಲಲ್ಲಿ ಯಾರು ಹೋಗ್ತಾರೆ?"

ಕುರ್ಚಿಯಿಂದ ಇಳಿದು ಮೊದಲ ಮೆಟ್ಟಿಲ ಮೇಲೆ ನನಗೆ ಮುಖ ಮಾಡಿ ಕೂತ. ಎರಡೂ ಕೈಯನ್ನು ಹಿಂದೆ ಊರಿ ಮೈಯನ್ನು ಎತ್ತಿ ಎರಡನೆಯದಕ್ಕೆ ಏರಿದ. ಆಮೇಲೆ ಮೂರನೆಯದು. ಅಂಬೆಗಾಲಿಡುವ ಮಗು ಮೆಟ್ಟಿಲು ಹತ್ತಲು ಕಲಿಯುವಂತೆ, ಆದರೆ ಹಿಮ್ಮುಖವಾಗಿ. ಎಪ್ಪತ್ತೆಂಟು ವರ್ಷದ ಮನುಷ್ಯ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಮುಂದೆ ಕತ್ತರಿಸಿದ ಚಪ್ಪಲಿ, ಅದರಿಂದ ಇಣುಕುವ ಬ್ಯಾಂಡೇಜು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. "ವಿಲ್ಫ್, ಇಳಿ. ಜನ ನೋಡ್ತಿದ್ದಾರೆ" ಎಂದು ಹಲ್ಲು ಕಚ್ಚಿ ಹೇಳಿದೆ.

"ನೋಡ್ಲಿ. ದುಡ್ಡು ಕೊಟ್ಟು ನೋಡೋಕೇ ಬಂದಿದ್ದಾರೆ."

ಮೇಲಿನಿಂದ ಇಳಿಯುತ್ತಿದ್ದವರು ಗೋಡೆಗೆ ಅಂಟಿ ದಾರಿ ಬಿಟ್ಟರು. ದಪ್ಪನೆಯ ಒಬ್ಬ ಮನುಷ್ಯ ಬಗ್ಗಿ, "ಎತ್ಕೊಂಡು ಹೋಗ್ಲಾ, ಯಜಮಾನ್ರೇ? ನನಗೇನೂ ಭಾರ ಅಲ್ಲ" ಎಂದು ಮೃದುವಾಗಿ ಕೇಳಿದ.

"ಅದಕ್ಕೂ ಕಾಲ ಬರುತ್ತೆ ಕಣಪ್ಪ. ಇವತ್ತು ಬೇಡ" ಎಂದ ವಿಲ್ಫ್.

ತಿರುವಿನಲ್ಲಿ ಹಾಗೇ ಕೂತು ಉಸಿರು ಎಳೆದುಕೊಂಡ. ತುಟಿ ನೀಲಿಯಾಗಿತ್ತು. ನಾನು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡೇ ಹತ್ತಿದೆ. ಹತ್ತುವಷ್ಟು ಹೊತ್ತೂ ಅವನ ಮುಖ ನನ್ನ ಎದುರಿಗೇ ಇತ್ತು. ಇಷ್ಟು ಹೊತ್ತು ಅವನ ಮುಖವನ್ನು ಒಂದೇ ಸಮನೆ ನೋಡಿ ಎಷ್ಟು ಕಾಲವಾಗಿತ್ತೋ.

ಮೇಲಿನ ಮೊದಲ ಕೋಣೆಯಲ್ಲೇ ಒಂದು ಭಾರಿ ಮಂಚ, ಅದರ ಮೇಲೆ ಹಾಸಿಗೆ. ರೇಷ್ಮೆ ಮಾಸಬಾರದೆಂದು ಕಿಟಕಿಗಳಿಗೆ ಪರದೆ ಇಳಿಬಿಟ್ಟಿದ್ದರು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಒಂದೊಂದಾಗಿ ಕಾಣತೊಡಗಿತು. ಚಾವಣಿ ಮುಟ್ಟುವ ನಾಲ್ಕು ಕಂಬ, ಕಡುಗೆಂಪು ರೇಷ್ಮೆಯ ಪರದೆ, ಚಿನ್ನದ ದಾರದ ಕುಚ್ಚು, ನಾಲ್ಕು ಮೂಲೆಯ ತುದಿಯಲ್ಲೂ ಬಿಳಿ ಗರಿಗಳ ಗೊಂಚಲು. ಸುತ್ತ ಹಗ್ಗ ಕಟ್ಟಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ನಮ್ಮ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು. ಬಂದವರಿಗೆ ಕೋಣೆಯ ಕಥೆ ಹೇಳುವವಳು. ಎದೆಯ ಮೇಲಿನ ಚೀಟಿಯಲ್ಲಿ ಹೋಲ್‌ರಾಯ್ಡ್ ಎಂದು ಬರೆದಿತ್ತು. ವಿಲ್ಫ್ ಹೊಸ್ತಿಲ ಮೇಲೆ ಬಾಗಿಲುವಾಡಕ್ಕೆ ಒರಗಿ ಏಳಲು ಒದ್ದಾಡುತ್ತಿದ್ದುದನ್ನು ಕಂಡು ಅವಳು ಸರಕ್ಕನೆ ಎದ್ದು ತನ್ನ ಕುರ್ಚಿಯನ್ನು ಅವನ ಹಿಂದಕ್ಕೆ ತಳ್ಳಿದಳು.

"ಕೂತ್ಕೊಳ್ಳಿ. ಇದರ ಮೇಲೆ ಮಾತ್ರ ಪೈನ್ ಕಾಯಿ ಇಟ್ಟಿಲ್ಲ" ಎಂದಳು. ಒಳ್ಳೆಯ ಹೆಂಗಸು.

ಅವನ ಉಸಿರು ಸರಿಹೋದ ಮೇಲೆ ಕಥೆ ಹೇಳಿದಳು. ಯಾವನೋ ರಾಜ ಈ ಮನೆಗೆ ಬರುತ್ತೇನೆಂದು ಹೇಳಿಕಳಿಸಿದ್ದನಂತೆ. ಯಾವ ರಾಜ ಎಂದೂ ಹೇಳಿದಳು, ನನಗೆ ಮರೆತುಹೋಗಿದೆ. ಅವನಿಗಾಗಿ ಈ ಕೋಣೆ ಕಟ್ಟಿಸಿದರು, ಈ ಹಾಸಿಗೆ ಮಾಡಿಸಿದರು. ರಾಜ ಕಾಯಿಲೆ ಬಿದ್ದ, ಬರಲಿಲ್ಲ. ಮುಂದಿನ ವರ್ಷ ಬರಬಹುದೆಂದು ಕಾದರು. ಅವನು ಸತ್ತ ಮೇಲೆ ಅವನ ಮಗ ಬರಬಹುದೆಂದು ಕಾದರು.

"ಹಂಗಾದ್ರೆ ಯಾರೂ ಮಲಗೇ ಇಲ್ವಾ ಇದರ ಮೇಲೆ?" ಎಂದ ವಿಲ್ಫ್.

"ಇಲ್ಲ. ಒಬ್ರೂ ಇಲ್ಲ. ಅದಕ್ಕೇ ಇಷ್ಟು ಚೆನ್ನಾಗಿ ಉಳಿದಿದೆ."

"ಪಾಪ."

"ಯಾರು, ರಾಜನಾ?" ಎಂದೆ ನಾನು.

"ಹಾಸಿಗೆ ಕಣೇ."

ಹೋಲ್‌ರಾಯ್ಡ್ ಕಿಸಕ್ಕನೆ ನಕ್ಕಳು. ಬೇರೆ ಇಬ್ಬರು ಬಂದು ನೋಡಿ ಹೋದರು. ವಿಲ್ಫ್ ಏಳಲಿಲ್ಲ, ಹಾಸಿಗೆಯನ್ನೇ ನೋಡುತ್ತಿದ್ದ. ಆಮೇಲೆ ಅದರಿಂದ ಕಣ್ಣು ತೆಗೆಯದೆಯೇ, ಹಾಲು ಮುಗಿದಿದೆ ಎಂದು ಹೇಳುವ ಧ್ವನಿಯಲ್ಲಿ ಹೇಳಿದ.

"ಏವ್ರಿಲ್, ನಾಳೆ ನಾನು ಹೋಗಲ್ಲ."

"ಎಲ್ಲಿಗೆ?"

"ಯಂತ್ರಕ್ಕೆ."

"ಮೆಟ್ಟಿಲು ಹತ್ತಿ ಸುಸ್ತಾಗಿದೆ ನಿನಗೆ. ಬೆಳಿಗ್ಗೆ ಎದ್ರೆ ಸರಿಹೋಗುತ್ತೆ."

"ನಾಳೆ ಒಂದಿನ ಅಲ್ಲ. ಇನ್ಮೇಲೆ ಹೋಗಲ್ಲ. ಕಾಲೂ ಕೊಡಲ್ಲ. ಸಾಕು."

ಸಾಕು ಎಂದರೆ ಏನೆಂದು ನನಗೆ ಗೊತ್ತು. ಮೊದಲ ದಿನವೇ ಆಸ್ಪತ್ರೆಯವರು ಹೇಳಿದ್ದರು, ಯಂತ್ರ ಬಿಟ್ಟರೆ ಒಂದೆರಡು ವಾರ ಎಂದು. ಬಾಯಿ ತೆರೆದೆ. ಬೈಯಬೇಕೆಂದಿದ್ದೆ. ಆದರೆ ಹೊರಗೆ ಬಂದದ್ದು, "ಮೆತ್ತಗೆ ಮಾತಾಡು. ಜನ ಇದ್ದಾರೆ" ಎಂಬುದಷ್ಟೆ.

"ಅದಕ್ಕೇ ಇಲ್ಲಿ ಹೇಳ್ತಿರೋದು. ಮನೇಲಿ ಹೇಳಿದ್ರೆ ಪಾತ್ರೆ ಎತ್ತಿ ಹಾಕ್ತೀಯ."

ಹೋಲ್‌ರಾಯ್ಡ್ ನಮಗೆ ಬೆನ್ನು ಮಾಡಿ, ಮುಚ್ಚಿದ ಪರದೆಯ ಕಡೆಗೆ, ಅಲ್ಲೇನೋ ನೋಡುವುದಿದೆ ಎನ್ನುವ ಹಾಗೆ ನಿಂತಿದ್ದಳು. ನಾವು ಹೊರಡುವಾಗ ನನ್ನ ತೋಳನ್ನು ಒಂದು ಸಲ ಒತ್ತಿದಳು. ನಾನು ಕೈ ಬಿಡಿಸಿಕೊಂಡೆ.

ಇಳಿಯುವಾಗಲೂ ಅವನು ಕೂತುಕೊಂಡೇ ಇಳಿದ. ಈ ಸಲ ನನ್ನ ಬೆನ್ನು ಅವನ ಕಡೆಗಿತ್ತು.

ಕಾರಿನಲ್ಲಿ ನನ್ನ ಮುಖ ನೋಡಿ ಲೋರ್ನಾ ಏನಾಯಿತು ಎಂದಳು. ಅವನೇ ಹೇಳಿದ. ಅವಳು ಕಾರನ್ನು ಬೇಲಿಯ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತಳು. "ಅಮ್ಮ, ಹೇಳಮ್ಮ ಅವನಿಗೆ" ಎಂದಳು. ಹೇಳುತ್ತೇನೆ, ಖಂಡಿತ ಹೇಳುತ್ತೇನೆ ಎಂದೆ. ನಾನಿರುವ ತನಕ ಇದು ಆಗುವುದಿಲ್ಲ.

ಮೇ 9, ಶುಕ್ರವಾರ

ಬೆಳಿಗ್ಗೆ ಅವನ ಚೀಲ ಸಿದ್ಧ ಮಾಡಿ ಬಾಗಿಲಲ್ಲಿಟ್ಟೆ. ಕಂಬಳಿ, ಪುದೀನಾ ಮಿಠಾಯಿ, ಓದುವ ಕನ್ನಡಕ. ನಾನೂ ಕೋಟು ಹಾಕಿಕೊಂಡೆ. ಇವತ್ತು ನಾನೇ ಜೊತೆಗೆ ಹೋಗುವುದೆಂದು. ಅವನು ಕುರ್ಚಿಯಿಂದ ಏಳಲಿಲ್ಲ. ಎಳೆದೆ. ಎಪ್ಪತ್ತೈದು ವರ್ಷದ ನಾನು ಎಪ್ಪತ್ತೆಂಟರ ಗಂಡನ ತೋಳು ಹಿಡಿದು ಎಳೆದೆ. ಅವನು ಬಿಡಿಸಿಕೊಳ್ಳಲೂ ಇಲ್ಲ, ಏಳಲೂ ಇಲ್ಲ.

ಕಾಲಿನ್ ಬೆಲ್ಲು ಒತ್ತಿದ. ಮಳೆ ಜೋರಾಗಿತ್ತು, ಅವನ ಟೋಪಿಯಿಂದ ನೀರಿಳಿಯುತ್ತಿತ್ತು. "ರೆಡಿನಾ ಯಜಮಾನ್ರು?" ಎಂದ.

"ಇವತ್ತು ಅವರಿಗೆ ಹುಷಾರಿಲ್ಲ. ಸೋಮವಾರ ಬನ್ನಿ" ಎಂದೆ.

"ಹುಷಾರಿಲ್ದೋರೇ ತಾನೇ ನನ್ನ ವ್ಯಾನಲ್ಲಿ ಬರೋದು?" ಎಂದು ನಕ್ಕವನು, ನನ್ನ ಮುಖ ನೋಡಿ ನಗು ನಿಲ್ಲಿಸಿದ. ಬಾಗಿಲು ಹಾಕಿದ ಮೇಲೂ ಕೋಟು ತೆಗೆಯದೆ ಅಲ್ಲೇ ನಿಂತಿದ್ದೆ.

ಮೇ 10, ಶನಿವಾರ

ಮಾತಿಲ್ಲ. ಲೋರ್ನಾ ನಿನ್ನೆ ಸಂಜೆ ಲೀಡ್ಸ್‌ಗೆ ಹೋದಳು. ತಟ್ಟೆ ವಿಲ್ಫ್‌ನ ಮುಂದಿಟ್ಟು ಬಂದೆ. ಖಾಲಿ ತಟ್ಟೆ ಎತ್ತಿಕೊಂಡು ಬಂದೆ.

ಮೇ 12, ಸೋಮವಾರ

ಡಾಕ್ಟರ್ ರೇವನ್‌ಹಿಲ್ ಮನೆಗೇ ಬಂದಿದ್ದರು, ಜೊತೆಗೆ ನರ್ಸ್ ಒಬ್ಬಳು, ಬ್ರಿಜೆಟ್ ಎಂದು. ವಿಲ್ಫ್‌ಗೆ ಏನೇನೋ ಕೇಳಿದರು. ಯಾವ ತಿಂಗಳು, ಯಂತ್ರ ಬಿಟ್ಟರೆ ಏನಾಗುತ್ತದೆ ಗೊತ್ತಾ, ಯಾರಾದರೂ ಬಲವಂತ ಮಾಡಿದ್ದಾರಾ.

"ಬಲವಂತ ಮಾಡ್ತಿರೋಳು ಇವಳೊಬ್ಳೇ. ಬದುಕು ಬದುಕು ಅಂತ" ಎಂದ.

"ಅವನಿಗೆ ತಲೆ ಕೆಟ್ಟಿದೆ ಅಂತ ಬರೀರಿ ಡಾಕ್ಟ್ರೇ" ಎಂದೆ. ನಿಜವಾಗಿಯೇ ಹೇಳಿದೆ.

"ಇಲ್ಲ ಏವ್ರಿಲ್. ಅವರ ತಲೆ ನಮ್ಮೆಲ್ಲರದಕ್ಕಿಂತ ಚೆನ್ನಾಗಿದೆ" ಎಂದರು. ಯಾವ ದಿನ ಮನಸ್ಸು ಬದಲಾದರೂ ಫೋನು ಮಾಡಬಹುದಂತೆ, ಯಂತ್ರ ಅಲ್ಲೇ ಇರುತ್ತದಂತೆ. ನೋವಾಗದಂತೆ ಬ್ರಿಜೆಟ್ ದಿನವೂ ಬಂದು ನೋಡಿಕೊಳ್ಳುತ್ತಾಳಂತೆ. ಇನ್ನು ಏನು ಬೇಕಾದರೂ ತಿನ್ನಬಹುದಂತೆ.

ಅವರು ಹೋದ ಮೇಲೆ ನಾನು ಕೂಗಾಡಿದೆ. ನಾಲ್ಕು ವರ್ಷ ತೂಕ ಮಾಡಿ ಬಡಿಸಿದವಳು ನಾನು, ಅಳೆದು ಕುಡಿಸಿದವಳು ನಾನು, ನನ್ನನ್ನು ಮಾತ್ರ ಒಬ್ಬರೂ ಒಂದು ಮಾತು ಕೇಳಲಿಲ್ಲ ಎಂದೆ.

"ಈಗ ಕೇಳ್ತೀನಿ" ಎಂದ ವಿಲ್ಫ್.

"ಏನು ಕೇಳ್ತೀಯ?"

"ಜೊತೇಲಿ ಇರ್ತೀಯಾ?"

ಅಡುಗೆಮನೆಗೆ ಹೋಗಿ ಕ್ಯಾರೆಟ್ ಸುಲಿದೆ. ಇಬ್ಬರಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸುಲಿದುಬಿಟ್ಟಿದ್ದೇನೆ. ನಾಳೆ ಸೂಪು ಮಾಡಬೇಕು.

ಮೇ 14, ಬುಧವಾರ

ಪಕ್ಕದ ಮನೆಯ ನಾರ್ಮನ್ ಮತ್ತು ಅವನ ಅಳಿಯ ಸೇರಿ ಮಂಚವನ್ನು ಕೆಳಗಿನ ಮುಂಕೋಣೆಗೆ ಇಳಿಸಿಕೊಟ್ಟರು. ಹೇಗೂ ಇಳಿಸಬೇಕೆಂದಿದ್ದೆನಲ್ಲ. ಕಿಟಕಿಯ ಪಕ್ಕಕ್ಕೆ ಹಾಕಿಸಿದೆ. ಹಾಸುವಾಗ ದಿನಬಳಕೆಯ ಚಾದರಗಳೆಲ್ಲ ಒಗೆಯಲು ಬಿದ್ದಿದ್ದವು. ಕಪಾಟಿನ ಮೇಲಿನ ಅರೆಯಿಂದ ಐರಿಶ್ ಲಿನನ್ನಿನ ಚಾದರ ತೆಗೆದೆ. ಮದುವೆಗೆ ನನ್ನ ಸೋದರತ್ತೆ ಕೊಟ್ಟದ್ದು. ಯಾರಾದರೂ ಬಂದರೆ ಇರಲಿ ಎಂದು ಎತ್ತಿಟ್ಟಿದ್ದೆ, ಮಡಿಕೆ ಇದ್ದ ಕಡೆ ಹಳದಿ ಗೆರೆ ಬಿದ್ದಿತ್ತು. ಇಸ್ತ್ರಿ ಮಾಡಿ ಹಾಸಿದೆ. ವಿಲ್ಫ್ ಅದರ ಮೇಲೆ ಕೈಯಾಡಿಸಿ, "ತಣ್ಣಗಿದೆ" ಎಂದ.

ಮಧ್ಯಾಹ್ನ ಟೀ ಮಾಡಿದೆ. ದೊಡ್ಡ ಮಗ್ಗಿನಲ್ಲಿ ಕಂಠಪೂರ್ತಿ. ಅವನು ಕುಡಿದ. ಇನ್ನೊಂದು ಬೇಕಾ ಎಂದೆ. ಬೇಕೆಂದ. ಬಾಳೆಹಣ್ಣನ್ನೂ ಕೊಟ್ಟೆ, ನಾಲ್ಕು ವರ್ಷದಿಂದ ಅವನ ಬಾಯಿಗೆ ಹೋಗದಿದ್ದದ್ದು. ಸಿಪ್ಪೆ ಸುಲಿಯುವಾಗ ಅದರ ವಾಸನೆಯನ್ನು ಎಳೆದುಕೊಂಡು ಕಣ್ಣು ಮುಚ್ಚಿದ. ಅರ್ಧ ತಿಂದ. ಉಳಿದರ್ಧ ನಾನು ತಿಂದೆ.

ಕಾಲು ಊದಿಕೊಂಡಿದೆ.

ಮೇ 16, ಶುಕ್ರವಾರ

ಹೆಚ್ಚು ಹೊತ್ತು ನಿದ್ದೆ. ಎಚ್ಚರವಿದ್ದಾಗ ಮಾತು ಸರಿಯಾಗಿಯೇ ಇದೆ. ಬ್ರಿಜೆಟ್ ಬಂದು, ಉಸಿರು ಕಟ್ಟಿದಂತಾದರೆ ಕೊಡಲು ಒಂದು ಪುಟ್ಟ ಬಾಟಲಿ ಕೊಟ್ಟಳು. ನಾಲಿಗೆಯ ಕೆಳಗೆ ಹನಿ ಹಾಕುವುದು. ಹೇಗೆಂದು ನೀರಿನಲ್ಲಿ ಮಾಡಿ ತೋರಿಸಿದಳು.

ಸಂಜೆ ಅವನ ತಲೆ ಬಾಚುತ್ತಿದ್ದಾಗ, "ಉತ್ತರ ಕೊಡ್ಲೇ ಇಲ್ಲ ನೀನು" ಎಂದ.

"ಯಾವುದಕ್ಕೆ?"

"ಸೋಮವಾರ ಕೇಳಿದ್ನಲ್ಲ."

"ಕುತ್ತಿಗೆ ನೆಟ್ಟಗಿಡು, ಬೈತಲೆ ಸೊಟ್ಟ ಬರುತ್ತೆ" ಎಂದೆ. ಅವನು ನಕ್ಕು ಕುತ್ತಿಗೆ ನೆಟ್ಟಗಿಟ್ಟ.

ಮೇ 18, ಭಾನುವಾರ

ಲೋರ್ನಾ ನಿನ್ನೆ ಬಂದಳು. ಇನ್ನು ಇಲ್ಲೇ ಇರುತ್ತಾಳಂತೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವನಿಗೆ ಉಸಿರಾಟ ಕಷ್ಟವಾಯಿತು. ಎದೆಯಲ್ಲಿ ನೀರು ಕುದಿಯುವಂಥ ಸದ್ದು. ಕಣ್ಣು ಅಗಲವಾಗಿ ತೆರೆದು ಏನನ್ನೋ ಹುಡುಕುತ್ತಿದ್ದ. ಲೋರ್ನಾ ಓಡಿಹೋಗಿ ಫೋನು ಎತ್ತಿಕೊಂಡಳು.

"ಯಾರಿಗೆ?"

"ಆಂಬುಲೆನ್ಸಿಗೆ. ಇನ್ನೂ ಟೈಮಿದೆ ಅಮ್ಮ. ಯಂತ್ರಕ್ಕೆ ಹಾಕಿದ್ರೆ ಸಂಜೆ ಹೊತ್ತಿಗೆ ಸರಿಹೋಗ್ತಾನೆ. ಡಾಕ್ಟ್ರೇ ಹೇಳಿದ್ದಾರಲ್ಲ, ಯಾವಾಗ ಬೇಕಾದ್ರೂ ಅಂತ."

"ಅವನು ಹೇಳಿದ್ರೆ ಅಂತ ಹೇಳಿದ್ದು. ನೀನು ಹೇಳಿದ್ರೆ ಅಂತಲ್ಲ. ಇಡು ಕೆಳಗೆ."

"ಅಮ್ಮ, ನೋಡು ಅವನನ್ನ! ಹೆದರಿದ್ದಾನೆ!"

"ನೋಡ್ತಾನೇ ಇದ್ದೀನಿ. ಫೋನ್ ಇಡು ಲೋರ್ನಾ."

ಅವಳು ಇಡಲಿಲ್ಲ. ಕೈಯಿಂದ ಕಿತ್ತುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಆಮೇಲೆ ಬಾಟಲಿ ತೆಗೆದು ಬ್ರಿಜೆಟ್ ತೋರಿಸಿದಂತೆ ಹನಿ ಹಾಕಿದೆ. ದಿಂಬು ಎತ್ತರ ಮಾಡಿ, ಕಿಟಕಿ ತೆರೆದು, ಅವನ ಹಿಂದೆ ಮಂಚದ ಮೇಲೆ ಕೂತು ಅವನನ್ನು ನನ್ನ ಎದೆಗೆ ಒರಗಿಸಿಕೊಂಡೆ. "ಇದ್ದೀನಿ, ಇಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ" ಎಂದು ಹೇಳುತ್ತಿದ್ದೆ. ಸ್ವಲ್ಪ ಸ್ವಲ್ಪವೇ ಉಸಿರು ಹದಕ್ಕೆ ಬಂತು. ಕಣ್ಣು ಮುಚ್ಚಿದ. ಬ್ರಿಜೆಟ್‌ಗೆ ಹೇಳಿಕಳಿಸಿದೆವು. ಅವಳು ಬಂದು ನೋಡಿ, ಸರಿಯಾಗಿ ಮಾಡಿದ್ದೀರಿ ಎಂದಳು.

ಲೋರ್ನಾ ಹಿತ್ತಿಲಲ್ಲಿ ನಿಂತಿದ್ದಳು. "ಹೋದ ವಾರ ನೀನೇ ಅಲ್ವಾ ಅವನ ತೋಳು ಹಿಡಿದು ಎಳೆದದ್ದು? ನಾನಿರೋ ತನಕ ಬಿಡಲ್ಲ ಅಂದದ್ದು?" ಎಂದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ. ಯಾಕೆಂದು ತಿಳಿಯುತ್ತಿಲ್ಲ. ನಿದ್ದೆಗೆಟ್ಟಿದ್ದಾಳೆ, ಪಾಪ, ಅದಕ್ಕೇ ಇರಬೇಕು.

ಮೇ 19, ಸೋಮವಾರ

ಬೆಳಿಗ್ಗೆ ಒಂದು ಗಳಿಗೆ ಚೆನ್ನಾಗಿ ಎಚ್ಚರವಾದ. ಕೋಣೆಯನ್ನು, ಕಿಟಕಿಯ ಬೆಳಕನ್ನು, ಹಾಸಿಗೆಯನ್ನು ನಿಧಾನವಾಗಿ ನೋಡಿದ. ನನ್ನನ್ನೂ ನೋಡಿದ, ಗುರುತು ಸಿಕ್ಕಂತೆ ಕಾಣಲಿಲ್ಲ.

"ಯಾರದು ಈ ಮನೆ?" ಎಂದ, ಬಹಳ ಮರ್ಯಾದೆಯಿಂದ.

"ನಮ್ಮದು."

"ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದ.

ಥ್ಯಾಂಕ್ಸ್ ಎಂದೆ. ಮತ್ತೆ ಮಾತಾಡಲಿಲ್ಲ.

ಮೇ 20, ಮಂಗಳವಾರ

ಇವತ್ತು ಮಧ್ಯಾಹ್ನ ವಿಲ್ಫ್ ಹೋದ.

ಡಯಾಲಿಸಿಸ್ಸಿನ ಸೂಜಿ ಚುಚ್ಚಲು ಅನುಕೂಲವಾಗಲೆಂದು ಅವನ ಎಡತೋಳಿನೊಳಗೆ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಅಲ್ಲಿ ಕೈಯಿಟ್ಟರೆ ಒಳಗೆ ಗುಂಯ್ ಎಂದು ನಡುಗುವುದು ತಿಳಿಯುತ್ತಿತ್ತು, ಮಲಗಿದ ಬೆಕ್ಕಿನ ಮೈ ಮುಟ್ಟಿದಂತೆ. ಮೊದಮೊದಲು ನನಗೆ ಅದನ್ನು ಮುಟ್ಟಲು ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಅದರ ಮೇಲೆ ಕೈಯಿಡದೆ ನಿದ್ದೆಯೇ ಬರುತ್ತಿರಲಿಲ್ಲ. ಇದನ್ನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಕೇಳಿಸಿತೋ ಇಲ್ಲವೋ.

ಊಟವಾದ ಮೇಲಿನಿಂದ ಅವನ ಪಕ್ಕದಲ್ಲೇ ಕೂತು ಆ ತೋಳಿನ ಮೇಲೆ ಕೈಯಿಟ್ಟುಕೊಂಡಿದ್ದೆ. ಉಸಿರು ದೂರ ದೂರವಾಗುತ್ತಿತ್ತು. ಒಂದು ಉಸಿರು ಬಂದ ಮೇಲೆ ಇನ್ನೊಂದಕ್ಕೆ ಕಾಯಬೇಕಾಗುತ್ತಿತ್ತು. ಲೋರ್ನಾ ಮಂಚದ ಆ ಕಡೆಗೆ ಕೂತಿದ್ದಳು. ಹೊರಗೆ ನಾರ್ಮನ್ ಹುಲ್ಲು ಕತ್ತರಿಸುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಲ್ಲಿಸುತ್ತಿದ್ದ. ನನಗೇನೂ ಬೇಸರವಾಗಲಿಲ್ಲ, ಹಸಿ ಹುಲ್ಲಿನ ವಾಸನೆ ಒಳಗೆ ಬರುತ್ತಿತ್ತು.

ಉಸಿರು ನಿಂತದ್ದನ್ನು ಲೋರ್ನಾ ಹೇಳಿದಳು. ನನಗೆ ತಿಳಿದದ್ದು ಅಂಗೈಗೆ. ಗುಂಯ್ ಎನ್ನುತ್ತಿದ್ದದ್ದು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಇದೆಯೋ ಇಲ್ಲವೋ ಎಂದು ನಾನು ಬೆರಳು ಒತ್ತಿ ನೋಡುತ್ತಿದ್ದೆ. ಆಮೇಲೆ ಇರಲಿಲ್ಲ.

ಬ್ರಿಜೆಟ್ ಬಂದಳು. ಮೈ ತೊಳೆಯುವುದಕ್ಕೆ ತಾನೇ ಯಾರನ್ನಾದರೂ ಕರೆಸುತ್ತೇನೆ ಎಂದಳು. ಬೇಡ, ನಾವೇ ಮಾಡುತ್ತೇವೆ ಎಂದೆ. ಲೋರ್ನಾ ಬಿಸಿನೀರು ತಂದಳು. ಅವನ ಮುಖ, ಕುತ್ತಿಗೆ, ಬೆನ್ನು ತೊಳೆದೆವು. ಪಾದದ ಬ್ಯಾಂಡೇಜು ಬಿಚ್ಚಿ ಅದನ್ನೂ ತೊಳೆದೆವು, ಎರಡೂ ಪಾದಗಳನ್ನು. ಕೊನೆಗೆ ಎಡತೋಳು ಒರೆಸಿ ಎದೆಯ ಮೇಲಿಟ್ಟೆ. ಇಟ್ಟ ಮೇಲೂ ಕೈ ತೆಗೆಯಲಾಗಲಿಲ್ಲ.

"ಅಮ್ಮ, ಸಾಕು ಬಾ" ಎಂದಳು ಲೋರ್ನಾ.

"ತಡಿ. ಇನ್ನೂ ಬೆಚ್ಚಗಿದೆ."

ಅವಳು ಬಂದು ತನ್ನ ಕೈಯನ್ನೂ ನನ್ನ ಕೈಯ ಪಕ್ಕದಲ್ಲಿಟ್ಟಳು.

"ಹೂಂ. ಬೆಚ್ಚಗಿದೆ" ಎಂದಳು.

ಅದು ತಣ್ಣಗಾಗುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.